ವಸತಿ ಪ್ರದೇಶಗಳಲ್ಲಿ ನವಿಲುಗಳು: ಸಾರ್ವಜನಿಕರಿಗೆ ಮಾಹಿತಿ

ಬಳ್ಳಾರಿ ನಗರದ ಅಂಚಿನ ಬಡಾವಣೆಗಳು, ಸಿರುಗುಪ್ಪದ ಕಾಲುವೆ ನೀರಾವರಿಯ ಭತ್ತದ ಗದ್ದೆಗಳು ಹಾಗೂ ಕುರುಗೋಡಿನ ಕಲ್ಲುಗುಡ್ಡಗಳ ಆಸುಪಾಸಿನಲ್ಲಿ ನವಿಲುಗಳು ಕಂಡುಬಂದಲ್ಲಿ ಸಾರ್ವಜನಿಕರು ಗಾಬರಿಗೊಳ್ಳಬೇಕಾಗಿಲ್ಲ. ಕಾಳು, ಚಿಗುರು, ಕೀಟ, ಹಲ್ಲಿ ಹಾಗೂ ಸಣ್ಣ ಹಾವುಗಳು ಇವುಗಳ ಆಹಾರವಾಗಿದ್ದು, ರಾತ್ರಿ ವೇಳೆ ಎತ್ತರದ ಮರಗಳಲ್ಲಿ ತಂಗುತ್ತವೆ.

ಕಾನೂನು ರಕ್ಷಣೆ: ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿಯಾಗಿದ್ದು, ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ 1ನೇ ಅನುಸೂಚಿಯಲ್ಲಿ ಸೇರಿರುತ್ತದೆ. ಇದನ್ನು ಹಿಡಿಯುವುದು, ಕೊಲ್ಲುವುದು, ಮೊಟ್ಟೆ ತೆಗೆಯುವುದು ಅಥವಾ ವಿಷವಿಕ್ಕುವುದು ಅಪರಾಧ. ಬೇಟೆಯಾಡಿದವರಿಗೆ 3ರಿಂದ 7 ವರ್ಷಗಳ ಸೆರೆವಾಸ ಹಾಗೂ ರೂ. 25,000ಕ್ಕೆ ಕಡಿಮೆಯಿಲ್ಲದ ದಂಡ ವಿಧಿಸಲು ಅವಕಾಶವಿದೆ. ತಾನಾಗಿ ಉದುರಿದ ಗರಿಯನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ.

ರೈತರ ಗಮನಕ್ಕೆ: ಕೀಟನಾಶಕ ಲೇಪಿಸಿದ ಬಿತ್ತನೆ ಬೀಜವನ್ನು ತಿಂದ ನವಿಲು ಸಾಯುವ ಸಂಭವವಿರುತ್ತದೆ. ಆದ್ದರಿಂದ ಚೆಲ್ಲಿದ ಬೀಜವನ್ನು ಮಣ್ಣಿನಿಂದ ಮುಚ್ಚತಕ್ಕದ್ದು.

ನಿವಾಸಿಗಳ ಗಮನಕ್ಕೆ: ಗಂಡು ನವಿಲು ವಾಹನದ ಗಾಜಿನಲ್ಲಿ ಕಾಣುವ ತನ್ನ ಪ್ರತಿಬಿಂಬವನ್ನೇ ಎದುರಾಳಿಯೆಂದು ಭಾವಿಸಿ ಕುಕ್ಕುತ್ತದೆ, ಗಾಜಿಗೆ ಬಟ್ಟೆ ಹೊದಿಸಿದರೆ ಸಾಕು. ನವಿಲುಗಳಿಗೆ ಆಹಾರ ಹಾಕಿ ರೂಢಿ ಮಾಡಬಾರದು.

ಗಾಯಗೊಂಡ ನವಿಲು ಕಂಡುಬಂದಲ್ಲಿ ನಾಯಿಗಳನ್ನು ದೂರವಿರಿಸಿ, ಸ್ಥಳದ ಗುರುತು ಹಾಗೂ ಸಮಯವನ್ನು ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸುವುದು. ಚಿಕಿತ್ಸೆಗೆಂದು ಪಕ್ಷಿಯನ್ನು ಮನೆಗೆ ಒಯ್ದು ಇರಿಸಿಕೊಳ್ಳಬಾರದು.