ಪುಟ್ಟ ವಿಮಾನಕ್ಕೆ ಇಂಧನ: ಮೊದಲು ತಂತಿ, ಆಮೇಲೆ ನಳಿಕೆ

ಇಂದಿರಾನಗರದಾಚೆಯ ಎಚ್‌ಎಎಲ್‌ನಲ್ಲಿ ರೂಪುಗೊಂಡು 1958ರಲ್ಲಿ ಮೊದಲು ಹಾರಿದ ಪುಷ್ಪಕ್‌ನಂತಹ ಪುಟ್ಟ ವಿಮಾನಗಳದು ಪಿಸ್ಟನ್ ಎಂಜಿನ್. ಇವುಗಳ ಇಂಧನ ಜೆಟ್ ವಿಮಾನದ ಸೀಮೆಎಣ್ಣೆಯಂಥದ್ದಲ್ಲ. ಪೆಟ್ರೋಲ್ ಜಾತಿಯ ಏವಿಗ್ಯಾಸ್. ಹೊರದೇಶದಿಂದ ತರಿಸುತ್ತಿದ್ದ ಇದನ್ನು 2022ರಲ್ಲಿ ಇಂಡಿಯನ್ ಆಯಿಲ್ ದೇಶದಲ್ಲೇ ತಯಾರಿಸಿ ಬಿಡುಗಡೆ ಮಾಡಿತು. ಇದರ ಆವಿ ಹೊತ್ತಿಕೊಳ್ಳಲು ಕಿಡಿಯೊಂದು ಸಾಕು.

ಕೊಳವೆಯಲ್ಲಿ ಹರಿಯುವ ಇಂಧನದಲ್ಲಿ ಸ್ಥಿರ ವಿದ್ಯುತ್ ಸಂಗ್ರಹವಾಗುತ್ತದೆ. ಆದ್ದರಿಂದ ಟ್ಯಾಂಕಿನ ಮುಚ್ಚಳ ತೆರೆಯುವ ಮುನ್ನವೇ ಇಂಧನದ ಪಾತ್ರೆಯನ್ನೂ ವಿಮಾನವನ್ನೂ ತಂತಿಯಿಂದ ಜೋಡಿಸಬೇಕು. ಮುಚ್ಚಳ ಹಾಕಿದ ನಂತರವಷ್ಟೇ ತೆಗೆಯಬೇಕು. ಸಾಧಾರಣ ಪ್ಲಾಸ್ಟಿಕ್ ಕ್ಯಾನು ವಿದ್ಯುತ್ತನ್ನು ಹರಿಯಗೊಡದ ಕಾರಣ ತಂತಿ ಕಟ್ಟಿದರೂ ಅಪಾಯ ತಪ್ಪದು. ಸಾಗಣೆಗೆ ಬಿಗಿಮುಚ್ಚಳದ ಲೋಹಪಾತ್ರೆಯೇ ಲೇಸು.

ನೀರು ಇಂಧನಕ್ಕಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಅದು ಒಳಸೇರಿದರೆ ಆಕಾಶದಲ್ಲೇ ಎಂಜಿನ್ ನಿಂತೀತು. ಹೀಗಾಗಿ ಸೋಸಿ ತುಂಬಿಸಿ, ಹಾರುವ ಮುನ್ನ ಟ್ಯಾಂಕಿನ ತಳದಿಂದ ಮಾದರಿ ತೆಗೆದು ನೋಡಬೇಕು. 100 ಎಲ್‌ಎಲ್ ಏವಿಗ್ಯಾಸ್ ನೀಲಿ ಬಣ್ಣದ್ದು. ಬಣ್ಣ ಬೇರೆಯಾಗಿದ್ದರೆ ಅಂದು ಹಾರಾಟ ಬೇಡ.