ಅಂಗಡಿ ಬಾಗಿಲಲ್ಲಿ ಹಾಡಿದ ಪ್ಲೇಟು

ಹುಬ್ಬಳ್ಳಿ-ಧಾರವಾಡದ ವ್ಯಾಪಾರಸ್ಥರಿಗೆ ಒಂದು ಮಾತು ನೆನಪು ಮಾಡಿಕೊಡಬೇಕಾಗಿದೆ. ಈ ಸೀಮೆಯ ಸಂಗೀತ ಬರೀ ಗುರುಗಳ ಮನೆಯಲ್ಲಿ, ಮಠದ ಜಗುಲಿಯಲ್ಲಿ, ಜಹಗೀರದಾರರ ವಾಡೆಯಲ್ಲಿ ಬೆಳೆದದ್ದಲ್ಲ. ಅದರ ಒಂದು ಬೇರು ಅಂಗಡಿ ಬಾಗಿಲಲ್ಲೂ ಇದೆ.

ಗದಗಿನ ಕಡೆಯ ಹುಡುಗ ಭೀಮಸೇನ ಜೋಶಿ. ಹುಟ್ಟಿದ್ದು 1922ರಲ್ಲಿ. ಅಂಗಡಿಯ ಗ್ರಾಮಫೋನಿನಲ್ಲಿ ಉಸ್ತಾದ್ ಅಬ್ದುಲ್ ಕರೀಂಖಾನರ ಝಿಂಝೋಟಿ ಠುಮ್ರಿ ಅವನ ಕಿವಿಗೆ ಬಿತ್ತು. ಹಾಡಿದರೆ ಹೀಗೆ ಹಾಡಬೇಕು ಎಂಬ ಹುಚ್ಚು ಹತ್ತಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹುಡುಗ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟೇಬಿಟ್ಟ. ಗ್ವಾಲಿಯರ್, ಜಾಲಂಧರ ಎಂದು ಉತ್ತರ ಹಿಂದುಸ್ತಾನವನ್ನೆಲ್ಲ ಸುತ್ತಿದ. ಕೊನೆಗೆ ಗುರು ಸಿಕ್ಕಿದ್ದು ಎಲ್ಲಿ? ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ! ಅಬ್ದುಲ್ ಕರೀಂಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರ ಹತ್ತಿರ. ಆ ಹುಡುಗನಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ಇದು ಒಬ್ಬರ ಕತೆಯಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಚಿಕ್ಕ ಹುಡುಗಿಯಾಗಿದ್ದಾಗ ಗ್ರಾಮಫೋನಿನ ದನಿ ಕೇಳಿದ ಕೂಡಲೇ ಬೀದಿಗೆ ಓಡಿ ಬರುತ್ತಿದ್ದರು. ಕೇಳಿದ್ದನ್ನು ಹಾಡಿ ನೋಡುತ್ತಿದ್ದರು. ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಂಕಾಳಿಮಠ ದೊಡ್ಡ ದೊಡ್ಡ ಉಸ್ತಾದರ ಪ್ಲೇಟುಗಳನ್ನು ಕೇಳಿ ಹಾಗ್ಹಾಗೇ ಒಪ್ಪಿಸುತ್ತಿದ್ದ. ಜನ ಬೆರಗಾದರು. ಅವನೇ ಮುಂದೆ ಕುಮಾರ ಗಂಧರ್ವ.

ಮೂವರೂ ಮೊದಲು ಕೇಳಿದ್ದು ಟಿಕೆಟ್ಟು ಕೊಂಡಲ್ಲ. ಯಾರೋ ತಮಗಾಗಿ ಹಾಕಿದ ಪ್ಲೇಟು, ದಾರಿಯಲ್ಲಿ ಹೋಗುವ ಮಗುವಿನ ಕಿವಿಗೂ ಬಿತ್ತು. ಅಷ್ಟೇ ಸಂಗತಿ.

ಈಗ ಹಾಡಿಗೆ ಬರವಿಲ್ಲ. ಕಿಸೆಯಲ್ಲಿರುವ ಮೊಬೈಲಿನಲ್ಲಿ ಮೂವರ ದನಿಯೂ ಇದೆ. ಆದರೆ ಅದು ಕಿವಿಗೆ ಸಿಕ್ಕಿಸಿಕೊಂಡ ವೈರಿನೊಳಗೇ ಉಳಿಯುತ್ತದೆ. ಮಗ್ಗುಲಿಗೆ ಕುಂತವರಿಗೂ ಗೊತ್ತಾಗುವುದಿಲ್ಲ. ಅಚಾನಕ್ಕಾಗಿ ಕಿವಿಗೆ ಬೀಳುವ ಸಂಗೀತ ಕಡಿಮೆಯಾದರೆ, ಮುಂದಿನ ಭೀಮಸೇನ ಎಲ್ಲಿ ನಿಂತು ಕೇಳಬೇಕು?

ನಮಗೇನ್ ತಿಳೀತದ್ರೀ?

ಈ ಮಾತು ಎತ್ತಿದರೆ ಪೇಟೆಯಲ್ಲಿ ಬರುವ ಉತ್ತರ ಒಂದೇ: “ನಮಗೇನ್ ತಿಳೀತದ್ರೀ ರಾಗಾ-ತಾಳಾ? ಆಂ... ಊಂ... ಅಂತಾರ, ಹಾಡು ಯಾವಾಗ ಚಾಲೂ ಆಗ್ತದ ಅನ್ನೂದೇ ಗೊತ್ತಾಗೂದಿಲ್ಲ.”

ಮಾತು ಸುಳ್ಳಲ್ಲ. ಆದರೆ ಹೀಗೆ ಹೇಳುವವರ ಅಂಗಡಿಯಲ್ಲೇ ಶುಕ್ರವಾರ ಬೆಳಿಗ್ಗೆ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಕೇಳಿಬರುತ್ತದೆ. ಹಾಡುತ್ತಿರುವವರು ಯಾರು? ಅದೇ ಭೀಮಸೇನ ಜೋಶಿ! 1983ರಲ್ಲಿ ಶಂಕರನಾಗರ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಚಿತ್ರದಲ್ಲೂ ಅವರ ದನಿಯಲ್ಲಿ ಪುರಂದರದಾಸರ ಈ ಪದ ಬಂತು. ಹಾರ ಹಾಕಿ, ಊದುಬತ್ತಿ ಹಚ್ಚಿ, ಗಲ್ಲಾಪೆಟ್ಟಿಗೆಗೆ ಕೈಮುಗಿಯುವಾಗ ಆ ದನಿ ಹಿಡಿಸುತ್ತದೆ ಎಂದ ಮೇಲೆ, ಅದೇ ದನಿ ಪೂರಿಯಾ ಧನಾಶ್ರೀ ಹಾಡಿದರೆ ಯಾಕೆ ಹಿಡಿಸಬಾರದು?

ಕೇಳುವುದಕ್ಕೆ ಒಂದೇ ಒಂದು ಗುಟ್ಟು ಸಾಕು. ತಬಲಾದ ಸುತ್ತಿನಲ್ಲಿ ಮೊದಲ ಪೆಟ್ಟಿಗೆ ‘ಸಮ್’ ಎನ್ನುತ್ತಾರೆ. ಏಕತಾಲವಾದರೆ 12 ಮಾತ್ರೆಗೊಂದು ಸುತ್ತು, ತೀನತಾಲವಾದರೆ 16. ಗಾಯಕ ಎಲ್ಲೆಲ್ಲೋ ಅಲೆದು ಹಾಡಿನ ಮೊದಲ ನುಡಿ ಹಿಡಿದು ಸರಿಯಾಗಿ ಸಮ್ಮಿಗೆ ಬಂದು ಇಳಿಯುತ್ತಾನೆ. ಗಲ್ಲಿ ಗಲ್ಲಿ ಸುತ್ತಿದ ಬಸ್ಸು ಟೈಮಿಗೆ ಸರಿಯಾಗಿ ಸ್ಟ್ಯಾಂಡಿಗೆ ಬಂದು ನಿಂತ ಹಾಗೆ. ನಿಧಾನದ ವಿಲಂಬಿತ ಖ್ಯಾಲಿನಲ್ಲಿ ಒಂದು ಸುತ್ತಿಗೆ ಅರ್ಧ-ಮುಕ್ಕಾಲು ನಿಮಿಷವೇ ಬೇಕಾಗುತ್ತದೆ, ಅದಕ್ಕೇ ‘ಚಾಲೂ ಆಗಿಲ್ಲ’ ಎನಿಸುವುದು. ಎರಡು ಸಲ ಸಮ್ಮು ಕೈಗೆ ಸಿಕ್ಕಿತೆಂದರೆ ಮೂರನೆಯ ಸಲ ತಲೆ ತಾನೇ ಆಡುತ್ತದೆ. ರಾಗದ ಹೆಸರು ಆಮೇಲೆ ಕಲಿತರಾಯಿತು.

ಕಿರಾಣಾ, ಕಿರಾಣಿ ಅಲ್ಲ

ಘರಾಣೆಗಳ ಹೆಸರು ಕೇಳಿ ಹೆದರಬೇಕಾಗಿಲ್ಲ. ಭೀಮಸೇನರದು, ಗಂಗೂಬಾಯಿಯವರದು ಕಿರಾಣಾ ಘರಾಣೆ. ಕಿರಾಣಿ ಅಂಗಡಿಗೂ ಇದಕ್ಕೂ ಸಂಬಂಧವಿಲ್ಲ, ಅಬ್ದುಲ್ ಕರೀಂಖಾನರು ಹುಟ್ಟಿದ ಉತ್ತರ ಪ್ರದೇಶದ ಕೈರಾನಾ ಊರಿನಿಂದ ಬಂದ ಹೆಸರು. ಒಂದೊಂದೇ ಸ್ವರವನ್ನು ನಿಧಾನವಾಗಿ ಬಿಡಿಸುತ್ತ ಹೋಗುವುದು ಇವರ ದಾರಿ. ಮೀಠಾಯಿ ಪಾಕ ಹದಕ್ಕೆ ಬರುವವರೆಗೂ ಕಾಯುವ ಹಾಗೆ ಕಾಯಬೇಕು.

ಧಾರವಾಡದ ಮಲ್ಲಿಕಾರ್ಜುನ ಮನ್ಸೂರರದು ಜೈಪುರ-ಅತ್ರೌಲಿ. ಇಲ್ಲಿ ಕಾಯುವ ಮಾತೇ ಇಲ್ಲ. ಹಾಡು ಮೊದಲಾದ ಕೂಡಲೇ ತಾಳದ ಜೊತೆ ಹೆಣೆದುಕೊಂಡು ಹೊರಡುತ್ತದೆ. ಒಂದು ತಾನಿನ ಬಾಲದಿಂದ ಇನ್ನೊಂದು ತಾನು ಹುಟ್ಟುತ್ತದೆ. “ಆಂ ಊಂ ಬ್ಯಾಡ್ರೀ” ಎನ್ನುವವರು ಮನ್ಸೂರರಿಂದಲೇ ಶುರು ಮಾಡುವುದು ಒಳ್ಳೆಯದು.

ಅಂಗಡಿಯ ದಿನಚರಿಗೆ ಒಂದು ಪಟ್ಟಿ

ಹಿಂದುಸ್ತಾನಿ ರಾಗಗಳಿಗೆ ಹೊತ್ತು ಇದೆ, ಅಂಗಡಿಗೂ ಹೊತ್ತು ಇದೆ. ಎರಡನ್ನೂ ಜೋಡಿಸಿದರೆ ಪಟ್ಟಿ ಸಿದ್ಧ.

ಬಾಗಿಲು ತೆರೆದು ಕಸ ಗುಡಿಸುವ ಹೊತ್ತಿಗೆ ಮನ್ಸೂರರ ಶಿವಮತ ಭೈರವ. ಎಲ್ಲರೂ ಹಾಡದ ಇಂಥ ಅಪರೂಪದ ರಾಗಗಳೆಂದರೆ ಮನ್ಸೂರರಿಗೆ ಅಂಗೈ ನೆಲ್ಲಿಕಾಯಿ. ಸ್ವಲ್ಪ ಹೊತ್ತೇರಿದ ಮೇಲೆ ಭೀಮಸೇನರ ಮಿಯಾಂ ಕಿ ತೋಡಿ. ನಡುಹಗಲು ಗಿರಾಕಿ ಕಡಿಮೆಯಾದಾಗ ಕುಮಾರ ಗಂಧರ್ವರ ನಿರ್ಗುಣಿ ಭಜನೆಗಳು: ಕಬೀರರ ಪದ, ಪುಟ್ಟ ಪುಟ್ಟ ಹಾಡು, ಊಟದ ಡಬ್ಬಿ ಮುಗಿಯುವುದರೊಳಗೆ ಎರಡು-ಮೂರು ಕೇಳಬಹುದು. ಕ್ಷಯರೋಗ ಬಂದು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಮನುಷ್ಯನ ದನಿ ಇದು ಎಂಬುದು ನೆನಪಿರಲಿ.

ದೀಪ ಹಚ್ಚುವ ಹೊತ್ತಿಗೆ ಗಂಗೂಬಾಯಿಯವರ ಮಾರ್ವಾ, ಇಲ್ಲವೇ ಭೀಮಸೇನರ ಪೂರಿಯಾ ಧನಾಶ್ರೀ. ಸೂರ್ಯ ಮುಳುಗುವಾಗ ಮನಸ್ಸಿಗೆ ಒಂಥರಾ ಆಗುತ್ತದಲ್ಲ, ಆ ಸಂಕಟ ಇಲ್ಲಿದೆ. ಶಟರ್ ಎಳೆದು ಲೆಕ್ಕ ಬರೆಯುವಾಗ ಅಬ್ದುಲ್ ಕರೀಂಖಾನರ ಭೈರವಿ ಠುಮ್ರಿ. ಭೈರವಿ ಬೆಳಗಿನ ರಾಗವಾದರೂ ಕಚೇರಿ ಮುಗಿಸುವುದು ಅದರಿಂದಲೇ. ಅಂಗಡಿ ಮುಚ್ಚುವುದಕ್ಕೂ ಅದೇ ಸರಿ.

ಖಾನ್ ಸಾಹೇಬರ ಹಾಡು ಮೂರೇ ನಿಮಿಷದ ಸುಮಾರಿಗೆ ಮುಗಿಯುತ್ತದೆ. ಕಾರಣ ಸಂಗೀತವಲ್ಲ, ಪ್ಲೇಟು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದೇ ಅಷ್ಟು. ತಾಸುಗಟ್ಟಲೆ ಹಾಡುವ ರಾಗದ ರಸ ಹಿಂಡಿ ಮೂರು ನಿಮಿಷದೊಳಗೆ ಇಡಬೇಕು! ಒಂದು ಪಾವು ಚಹಾಪುಡಿ ಕಟ್ಟಿಕೊಡುವುದರೊಳಗೆ ಒಂದು ಇಡೀ ರಾಗ. ಹೊಸದಾಗಿ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇರೆ ಇಲ್ಲ.

ಗಂಗೂಬಾಯಿಯವರದೂ ಇಂಥ ಹಳೆಯ ಪ್ಲೇಟುಗಳಿವೆ. 1930ರ ದಶಕದಲ್ಲಿ ಎಚ್.ಎಂ.ವಿ.ಯವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರತಂದವು. ಅದರಲ್ಲಿ ದನಿ ಸಣ್ಣಗೆ, ಎತ್ತರದಲ್ಲಿದೆ. ಮುಂದೆ ಗಂಟಲಿಗೆ ಚಿಕಿತ್ಸೆಯಾದ ಮೇಲೆ ದನಿ ಬದಲಾಗಿ ಗಂಡಸರ ಹಾಗೆ ಗಡುಸಾಯಿತು. ಹೆಂಗಸಿನ ದನಿ ಕೆಟ್ಟಿತು ಎಂದು ಕೈಚೆಲ್ಲಿ ಕೂಡಬಹುದಿತ್ತು. ಕೂಡಲಿಲ್ಲ. ಆ ಗಡಸು ದನಿಯಿಂದಲೇ ದೇಶ ಗೆದ್ದರು, 2009ರಲ್ಲಿ ತೀರಿಹೋಗುವ ಹೊತ್ತಿಗೆ ಪದ್ಮವಿಭೂಷಣರಾಗಿದ್ದರು. ಹಳೆಯದೊಂದು, ಹೊಸದೊಂದು ಹಿಂದೆ-ಮುಂದೆ ಹಾಕಿ ಕೇಳಿದರೆ ಈ ಇಡೀ ಚರಿತ್ರೆ ಕಿವಿಯಲ್ಲೇ ತಿಳಿಯುತ್ತದೆ.

ಬಸ್ಸಿನವರ ಪಾಲು

ದಿನಾ ಹುಬ್ಬಳ್ಳಿ-ಧಾರವಾಡ ಓಡಾಡುವ ನೌಕರರು, ಕಾಲೇಜು ಹುಡುಗರು “ವ್ಯಾಳ್ಯಾ ಎಲ್ಲೈತಿ?” ಎನ್ನುವ ಹಾಗಿಲ್ಲ. ವೇಳೆ ಬಸ್ಸಿನಲ್ಲೇ ಇದೆ. ನಿಮಿಷಕ್ಕೆ 33 ಸುತ್ತಿನ ಎಲ್.ಪಿ. ರೆಕಾರ್ಡಿನ ಒಂದು ಮಗ್ಗುಲಿಗೆ ಸುಮಾರು 20 ನಿಮಿಷ. ಹೊಸೂರು ದಾಟಿ ಉಣಕಲ್, ನವನಗರ ಹಾಯುವುದರೊಳಗೆ ಒಂದು ಮಗ್ಗುಲು. ರಾಯಾಪುರ, ಸತ್ತೂರು ಕಳೆದು ಧಾರವಾಡ ಮುಟ್ಟುವುದರೊಳಗೆ ಇನ್ನೊಂದು. ಆಗ ಎಲ್.ಪಿ.ಗೆಂದು ಹಾಡಿದ ರಾಗಗಳು ಈಗ ಮೊಬೈಲಿನಲ್ಲೂ ಅಷ್ಟೇ ಉದ್ದ ಇವೆ. ಹೋಗುವಾಗ ಒಂದು ರಾಗ, ಬರುವಾಗ ಮತ್ತೆ ಅದೇ ರಾಗ. ಹೊಸದು ಹುಡುಕುವ ಅವಸರ ಬೇಡ. ಒಂದು ವಾರ ಒಂದೇ ರೆಕಾರ್ಡು ಕೇಳಿದವರಿಗೆ ಆ ರಾಗ ಮನೆಯ ಮಂದಿಯಂತಾಗುತ್ತದೆ. ಬೇರೆ ಯಾರು ಹಾಡಿದರೂ “ಅರೆ, ಇದು ಅದೇ!” ಎಂದು ಗುರುತು ಹತ್ತುತ್ತದೆ.

ಬಸ್ಸಿನಲ್ಲಿ ಮಾತ್ರ ಇಯರ್‌ಫೋನ್ ಹಾಕಿಕೊಂಡೇ ಕೇಳಬೇಕು. ಜೋರಾಗಿ ಮೊಬೈಲ್ ಹಾಕಬಾರದೆಂದು ಹೈಕೋರ್ಟು 2021ರಲ್ಲೇ ಹೇಳಿದೆ. ಆದರೆ ಮಗ್ಗುಲಿನ ಹುಡುಗ “ಏನ್ ಕೇಳ್ಲಿಕ್ಕತ್ತೀರಿ ಕಾಕಾ?” ಎಂದರೆ ಒಂದು ಕಿವಿಯದನ್ನು ಬಿಚ್ಚಿ ಕೊಡುವುದಕ್ಕೆ ಯಾವ ಕೋರ್ಟಿನ ಅಡ್ಡಿಯೂ ಇಲ್ಲ.

ಅಟ್ಟದ ಮೇಲಿನ ಆಸ್ತಿ

ಇನ್ನೊಂದು ಮುಖ್ಯ ವಿಷಯ. ಹಳೆಯ ಮನೆಗಳ ಅಟ್ಟದ ಮೇಲೆ, ಅಂಗಡಿಗಳ ಹಿಂದಿನ ಕೋಣೆಯಲ್ಲಿ, ನಾಯಿ ಚಿತ್ರದ ಕರಿ ಪ್ಲೇಟುಗಳು ಸಿಗುವುದುಂಟು. ಅವನ್ನು ರದ್ದಿಯವನಿಗೆ ಕಿಲೋ ಲೆಕ್ಕದಲ್ಲಿ ತೂಗಿ ಹಾಕಬಾರದು. 78ರ ಪ್ಲೇಟು ಅರಗಿನಿಂದ ಮಾಡಿದ್ದು, ಕೈಜಾರಿದರೆ ಹಂಚಿನ ಹಾಗೆ ಒಡೆಯುತ್ತದೆ. ಒಂದರ ಮೇಲೊಂದು ಒಟ್ಟದೆ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಬೇಕು. ಬಿಸಿಲು ತಾಗಬಾರದು. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಸ್ಪಿರಿಟ್ ಹಾಕಿದರೆ ಅರಗು ಕರಗಿ ಹಾಡೇ ಹೋಗುತ್ತದೆ. ಎಲ್.ಪಿ.ಯ ಸೂಜಿ ಇದಕ್ಕೆ ಹೊಂದುವುದಿಲ್ಲ, ಗೆರೆ ಅಗಲ, ದಪ್ಪ ಸೂಜಿಯೇ ಬೇಕು.

ಯಾಕೆ ಇಷ್ಟು ಜೋಪಾನ? ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಭೀಮಸೇನರನ್ನೂ ಗಂಗೂಬಾಯಿಯವರನ್ನೂ ತಯಾರು ಮಾಡಿದ ಆ ಗುರುಗಳ ದನಿ ಬಹುಪಾಲು ಉಳಿದಿರುವುದು ಕೆಲವೇ ಮೂರು ನಿಮಿಷದ ಪ್ಲೇಟುಗಳಲ್ಲಿ. ಇಂಥದ್ದೊಂದು ಒಡೆದರೆ ಮತ್ತೆ ಹಾಡಿಸಲು ಹಾಡುವವರಿಲ್ಲ. ಪ್ಲೇಟಿನ ನಡುವಿನ ಕಾಗದದ ಮೇಲೆ ಹೆಸರು, ನಂಬರು ಇರುತ್ತದೆ. ಮೊದಲು ಅದನ್ನು ಬರೆದಿಟ್ಟುಕೊಂಡು, ಸಂಗೀತ ಬಲ್ಲವರಿಗೆ ತೋರಿಸಿ, ಆಮೇಲೆ ಏನು ಮಾಡುವುದೆಂದು ಯೋಚಿಸಬೇಕು.

ವ್ಯಾಪಾರಸ್ಥರು ಕೇಳುವ ಕೊನೆಯ ಪ್ರಶ್ನೆ ಕಾಯ್ದೆಯದು. ಪ್ರಕಟವಾಗಿ 60 ವರ್ಷ ದಾಟಿದ ಧ್ವನಿಮುದ್ರಣದ ಹಕ್ಕಿನ ಅವಧಿ ನಮ್ಮ ದೇಶದಲ್ಲಿ ಮುಗಿಯುತ್ತದೆ. ಖಾನ್ ಸಾಹೇಬರ, ಸವಾಯಿ ಗಂಧರ್ವರ ಕಾಲದ ಪ್ಲೇಟುಗಳನ್ನು ನಿಶ್ಚಿಂತೆಯಿಂದ ಹಾಕಬಹುದು. ಆಮೇಲಿನವನ್ನು ಗಿರಾಕಿಗಳಿಗೆ ಕೇಳುವಂತೆ ಹಾಕುವುದಾದರೆ ಪರವಾನಗಿ ಬೇಕಾಗುತ್ತದೆ, ವಿಚಾರಿಸಿಕೊಳ್ಳಬೇಕು.

ದನಿಯೂ ಗಿರಾಕಿ ರೇಟು ಕೇಳಿದ್ದು ತಿಳಿಯುವಷ್ಟು ಸಣ್ಣಗಿದ್ದರೆ ಸಾಕು. ದಿನಕ್ಕೊಂದೇ ಹಾಡು, ಮೂರೇ ನಿಮಿಷ. ಕರೆಂಟಿನ ಖರ್ಚು ಎಷ್ಟಾದೀತು? ಅವ್ವ ಕೊತ್ತಂಬರಿ ಆರಿಸುವವರೆಗೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತ ಹುಡುಗನೋ ಹುಡುಗಿಯೋ ತಲೆ ಎತ್ತಿ “ಯಾರ್ರೀ ಹಾಡ್ಲಿಕ್ಕತ್ತಾರ?” ಎಂದು ಕೇಳಿದರೆ, ಮಾಲಕರಿಗೆ ಹೆಸರು ಗೊತ್ತಿರಬೇಕು. ಅಷ್ಟು ಮಾಡಿದರೆ ಪೇಟೆ ತನ್ನ ಹಳೆಯ ಕೆಲಸ ಮತ್ತೆ ಮಾಡಿದ ಹಾಗೆ.