ಮನೆಯ ಚಿತ್ರಗಳೂ ಮುಗಿಲ ಭಂಡಾರವೂ

ನಮ್ಮ ಹಿರಿಯರ ಕಾಲದಲ್ಲಿ ಒಂದು ಮನೆಯಲ್ಲಿದ್ದ ಛಾಯಾಚಿತ್ರಗಳನ್ನು ಬೆರಳುಗಳಿಂದ ಎಣಿಸಬಹುದಾಗಿದ್ದಿತು. ಮದುವೆಯಲ್ಲಿ ತೆಗೆಸಿದುದೊಂದು, ಮಕ್ಕಳಾದ ಮೇಲೆ ಪೇಟೆಯ ಸ್ಟುಡಿಯೋಗೆ ಹೋಗಿ, ಬಣ್ಣದ ಪರದೆಯ ಮುಂದೆ ಕುಳಿತು ತೆಗೆಸಿದುದೊಂದು, ಹಿರಿಯರು ತೀರಿಕೊಂಡ ಮೇಲೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದುದೊಂದು. ನಡುಮನೆಯ ಗೋಡೆಯ ಮೇಲೆ ಕೆಲವು, ಟ್ರಂಕಿನಲ್ಲಿ ಮದುವೆಯ ಸೀರೆಯ ಕೆಳಗೆ ಕೆಲವು, ಇಷ್ಟೇ. ಈಗಲಾದರೋ ಒಂದು ನಾಮಕರಣದ ಮಧ್ಯಾಹ್ನದಲ್ಲಿಯೇ ಮುನ್ನೂರು ಚಿತ್ರಗಳು ಮೊಬೈಲಿನಲ್ಲಿ ಬಂದು ಕೂರುತ್ತವೆ. ತೊಟ್ಟಿಲ ಕೂಸು ಕಣ್ಣು ಬಿಟ್ಟುದು, ಕಣ್ಣು ಮುಚ್ಚಿದುದು, ಅತ್ತುದು, ಸೋದರತ್ತೆಯ ಕೈಗೆ ಹೋದುದು, ಎಲ್ಲವೂ ಉಂಟು. ಇವೆಲ್ಲ ಎಲ್ಲಿರುತ್ತವೆ ಎಂದು ಮನೆಯ ಮಕ್ಕಳನ್ನು ಕೇಳಿದರೆ, "ಕ್ಲೌಡಿನಲ್ಲಿವೆ ಅಜ್ಜಿ, ಎಲ್ಲಿಯೂ ಹೋಗುವುದಿಲ್ಲ" ಎಂಬ ಉತ್ತರ ಬರುತ್ತದೆ. ಈ ಮುಗಿಲೆಂದರೇನು, ಅದರಲ್ಲಿ ನಮ್ಮ ಚಿತ್ರಗಳು ಯಾವ ರೀತಿಯಲ್ಲಿ ಇರುತ್ತವೆ, "ಎಲ್ಲಿಯೂ ಹೋಗುವುದಿಲ್ಲ" ಎಂಬ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಮನೆವಾರ್ತೆ ನೋಡುವವರೆಲ್ಲರೂ ಅರಿತಿರುವುದು ಒಳ್ಳೆಯದೆಂದು ನಮಗೆ ತೋರಿದುದರಿಂದ ಈ ವಿಷಯವನ್ನು ಕೈಗೆತ್ತಿಕೊಂಡಿದ್ದೇವೆ.

ಮೊದಲು ಚಿತ್ರದ ಮಾತು. ೧೯೭೫ನೆಯ ಇಸವಿಯಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಎಂಜಿನಿಯರಾದ ಸ್ಟೀವನ್ ಸ್ಯಾಸನ್ ಎಂಬವರು ಫಿಲ್ಮಿನ ಹಂಗಿಲ್ಲದ ಕ್ಯಾಮರವೊಂದನ್ನು ಕಟ್ಟಿದರು. ಅದು ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆದಿಡಲು ೨೩ ಸೆಕೆಂಡುಗಳನ್ನು ತೆಗೆದುಕೊಳ್ಳುತ್ತಿದ್ದಿತು. ಅಡ್ಡಕ್ಕೆ ನೂರು, ಉದ್ದಕ್ಕೆ ನೂರು, ಅಂತು ೧೦,೦೦೦ ಚುಕ್ಕೆಗಳ ಚಿತ್ರವದು. ಈಗ ನಮ್ಮ ಕೈಯಲ್ಲಿರುವ ಮೊಬೈಲು ಒಂದು ಕೋಟಿಗೂ ಮೀರಿದ ಚುಕ್ಕೆಗಳನ್ನು ಕಣ್ಣು ಮಿಟುಕಿಸುವುದರೊಳಗೆ ಬರೆದಿಡುತ್ತದೆಯಾದರೂ ತತ್ತ್ವ ಮಾತ್ರ ಅದೇ. ಚಿತ್ರವೆಂದರೆ ಅಂಕಿಗಳ ಒಂದು ಉದ್ದನೆಯ ಸಾಲು. ಯಾವ ಚುಕ್ಕೆಯಲ್ಲಿ ಎಷ್ಟು ಕೆಂಪು, ಎಷ್ಟು ಹಸುರು, ಎಷ್ಟು ನೀಲಿ ಎಂಬ ಲೆಕ್ಕ. ಕಾಗದದ ಚಿತ್ರವನ್ನು ನೋಡಿ ಇನ್ನೊಂದನ್ನು ತೆಗೆದರೆ ಎರಡನೆಯದು ಮಂಕಾಗುವುದು. ಅಂಕಿಗಳನ್ನು ನೋಡಿ ಬರೆದರೆ ಸಾವಿರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುವುದು. ಈ ಗುಣವೊಂದಿಲ್ಲದಿದ್ದರೆ ಮುಗಿಲ ಭಂಡಾರವೆಂಬುದೇ ಹುಟ್ಟುತ್ತಿರಲಿಲ್ಲ.

ಇನ್ನು ಮುಗಿಲು. ಹೆಸರು ಆಕಾಶದ್ದಾದರೂ ಇರುವಿಕೆ ನೆಲದ ಮೇಲೆಯೇ. ದೊಡ್ಡ ದೊಡ್ಡ ಕೋಠಿಗಳು, ಅವುಗಳಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಬೀರುಗಳು, ಬೀರುಗಳ ತುಂಬ ಹಗಲಿರುಳೂ ಓಡುವ ಯಂತ್ರಗಳು, ಯಂತ್ರಗಳ ಕಾವನ್ನು ಇಳಿಸಲು ನೀರು ಗಾಳಿಗಳ ಏರ್ಪಾಡು. ಫಿನ್ಲೆಂಡ್ ದೇಶದ ಹಮೀನ ಎಂಬ ಊರಿನಲ್ಲಿ ಸಮುದ್ರದ ದಂಡೆಯ ಮೇಲೆ ಹಳೆಯ ಕಾಗದದ ಗಿರಣಿಯೊಂದಿದ್ದಿತು. ಅದನ್ನು ೨೦೦೯ರಲ್ಲಿ ಗೂಗಲ್ ಸಂಸ್ಥೆಯವರು ಕೊಂಡು ಇಂತಹ ಕೋಠಿಯನ್ನಾಗಿ ಮಾಡಿದರು. ಅಲ್ಲಿಯ ಯಂತ್ರಗಳು ಇಂದಿಗೂ ಸಮುದ್ರದ ತಣ್ಣೀರಿನಿಂದ ತಂಪಾಗುತ್ತಿವೆ. ಕಾಗದ ಮಾಡುತ್ತಿದ್ದ ಮನೆಯಲ್ಲಿ ಕಾಗದವನ್ನು ಬೇಡದ ಬರೆಹ ಸೇರಿಕೊಂಡುದು ಕಾಲದ ವಿನೋದವೆನ್ನಬೇಕು.

ಇಂತಹ ಭಂಡಾರಗಳಲ್ಲಿ ಒಂದು ಚಿತ್ರವನ್ನು ಒಂದೇ ಕಡೆ ಇಡುವ ಪದ್ಧತಿಯಿಲ್ಲ. ಯಂತ್ರವು ಕೆಡುವುದು ಸಹಜ. ಸಾವಿರಾರು ಡಿಸ್ಕುಗಳಿರುವ ಕಡೆ ದಿನವೂ ಯಾವುದೋ ಒಂದು ಕೆಡುತ್ತಲೇ ಇರುವುದು. ಆದುದರಿಂದ ಒಂದೇ ಅಂಕಿಸಾಲನ್ನು ಬೇರೆ ಬೇರೆ ಡಿಸ್ಕುಗಳ ಮೇಲೆ ಒಂದಕ್ಕಿಂತ ಹೆಚ್ಚು ಸಲ ಬರೆದಿಟ್ಟು, ಒಂದು ಕೆಟ್ಟೊಡನೆ ಉಳಿದುದನ್ನು ನೋಡಿ ಹೊಸದನ್ನು ಸಿದ್ಧಪಡಿಸುವರು. ಆಪಲ್ ಸಂಸ್ಥೆಯ ಐಕ್ಲೌಡಿನಲ್ಲಿ ಚಿತ್ರವನ್ನು ತುಂಡುಗಳಾಗಿ ಮಾಡಿ, ಒಂದೊಂದು ತುಂಡಿಗೂ ಗುಪ್ತಲಿಪಿಯ ಬೀಗ ಹಾಕಿ ಇಡುವರು. ಆ ತುಂಡುಗಳು ಅಮೆಜಾನ್, ಗೂಗಲ್ ಮುಂತಾದ ಇತರರ ಕೋಠಿಗಳಲ್ಲಿಯೂ ಇರಬಹುದೆಂದು ಆ ಸಂಸ್ಥೆಯೇ ಹೇಳಿಕೊಂಡಿದೆ. ಅಕ್ಕಿಯನ್ನು ಇನ್ನೊಬ್ಬರ ಕಣಜದಲ್ಲಿಟ್ಟರೂ ಬೀಗದ ಕೈ ತಮ್ಮ ಸೊಂಟದಲ್ಲಿಯೇ ಇಟ್ಟುಕೊಂಡ ಹಾಗೆ.

ನಾವು ಚಿತ್ರ ತೆಗೆದಮೇಲೆ ಏನಾಗುತ್ತದೆ? ಮೊಬೈಲಿನಲ್ಲಿರುವ ಆ ಸಂಸ್ಥೆಯ ಆ್ಯಪು ಹೊಸ ಚಿತ್ರ ಬಂದುದನ್ನು ಗಮನಿಸಿ, ವೈಫೈ ಸಿಕ್ಕಿದಾಗ ಅದನ್ನು ಭಂಡಾರಕ್ಕೆ ಸಾಗಿಸುವುದು. ಅಂಕಿಗಳ ಸಾಲಿನಿಂದ ಲೆಕ್ಕಹಾಕಿ ತೆಗೆದ, ಬೆರಳಚ್ಚಿನಂತಹ ಒಂದು ಗುರುತು ಪ್ರತಿಯೊಂದು ಚಿತ್ರಕ್ಕೂ ಉಂಟು. ಆ ಗುರುತು ಮೊದಲೇ ಇದ್ದರೆ ಅದೇ ಚಿತ್ರವನ್ನು ಎರಡನೆಯ ಸಲ ಇರಿಸುವುದಿಲ್ಲ. ಗೂಗಲ್ ಫೋಟೋಸಿನಲ್ಲಿ ಮೂಲವಿದ್ದಂತೆಯೇ ಇಡುವುದು, ಕೊಂಚ ಅಡಕಮಾಡಿ ಇಡುವುದು ಎಂದು ಎರಡು ದಾರಿಗಳಿವೆ. ಎರಡನೆಯದರಲ್ಲಿ ೧೬ ಮೆಗಾಪಿಕ್ಸೆಲಿಗಿಂತ ದೊಡ್ಡ ಚಿತ್ರಗಳನ್ನು ಆ ಅಳತೆಗೆ ಇಳಿಸುವರು. ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಮುದ್ರಿಸಲು ಅದು ಸಾಕು. ಮನೆಯ ಉಪಯೋಗಕ್ಕೆ ಇದರಿಂದ ನಷ್ಟವೇನೂ ಇಲ್ಲವೆಂದು ನಮ್ಮ ಅಭಿಪ್ರಾಯ.

ಚಿತ್ರಗಳನ್ನು ಓರಣಗೊಳಿಸುವ ಬಗೆ ಬಹು ಸ್ವಾರಸ್ಯವಾದುದು. ಕ್ಯಾಮರವು ಚಿತ್ರದ ಜತೆಯಲ್ಲಿಯೇ ಒಂದು ಸಣ್ಣ ಚೀಟಿಯನ್ನೂ ಬರೆದು ಸೇರಿಸುತ್ತದೆ: ತೆಗೆದ ದಿನ, ಗಳಿಗೆ, ಕ್ಯಾಮರದ ಜಾತಿ, ನಾವು ಒಪ್ಪಿದ್ದರೆ ಊರಿನ ಅಕ್ಷಾಂಶ ರೇಖಾಂಶಗಳು ಸಹ. ಎಕ್ಸಿಫ್ ಎಂದು ಹೆಸರಾದ ಈ ಚೀಟಿಯ ಕ್ರಮವನ್ನು ಜಪಾನಿನವರು ೧೯೯೫ರಲ್ಲಿ ಗೊತ್ತುಮಾಡಿದರು. ಭಂಡಾರದವರು ಈ ಚೀಟಿಯನ್ನು ಓದಿಯೇ ಚಿತ್ರಗಳನ್ನು ದಿನ ತಿಂಗಳು ಊರುಗಳ ಪ್ರಕಾರ ಜೋಡಿಸುವುದು. ವಾಟ್ಸಾಪಿನ ಮೂಲಕ ಬಂದ ಫೋಟೋಗಳಲ್ಲಿ ಈ ಚೀಟಿ ಉದುರಿಹೋಗಿರುತ್ತದೆ, ಚಿತ್ರವೂ ಅಡಕಗೊಂಡಿರುತ್ತದೆ. ಆದಕಾರಣ ಧಾರವಾಡದ ತಂಗಿ ಯುಗಾದಿಯಲ್ಲಿ ತೆಗೆದುದನ್ನು ಶ್ರಾವಣದಲ್ಲಿ ಕಳುಹಿಸಿದರೆ ಭಂಡಾರವು ಅದನ್ನು ಶ್ರಾವಣಕ್ಕೇ ಸೇರಿಸುವುದು. ಗೋಡೆಯ ಮೇಲಿನ ಹಳೆಯ ಚಿತ್ರವನ್ನು ಮೊಬೈಲಿನಿಂದ ತೆಗೆದಿಟ್ಟರಂತೂ ಅಜ್ಜ ಅಜ್ಜಿಯರ ಮದುವೆ ನಿನ್ನೆ ಮೊನ್ನೆ ಆದಂತೆ ಮೊಮ್ಮಗನ ಶಾಲೆಯ ವಾರ್ಷಿಕೋತ್ಸವದ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ದಿನಾಂಕವನ್ನು ಕೈಯಿಂದ ತಿದ್ದಲು ಅವಕಾಶವುಂಟು. ತಿದ್ದುವವರು ಮಾತ್ರ ವಿರಳ.

ಮುಖವನ್ನು ಗುರುತಿಸುವುದು ಇದಕ್ಕಿಂತಲೂ ಸೋಜಿಗದ ಕೆಲಸ. ಯಂತ್ರಕ್ಕೆ ಯಾರ ಹೆಸರೂ ತಿಳಿಯದು. ಅದು ಪ್ರತಿಯೊಂದು ಮುಖವನ್ನೂ ಅಂಕಿಗಳ ಒಂದು ಪಟ್ಟಿಯನ್ನಾಗಿ ಮಾಡಿ, ಹತ್ತಿರ ಹತ್ತಿರದ ಪಟ್ಟಿಗಳನ್ನು ಒಂದು ಗುಂಪಿಗೆ ಸೇರಿಸುವುದು. "ಇವರು ದೊಡ್ಡಪ್ಪ" ಎಂದು ನಾವು ಒಮ್ಮೆ ಬರೆದರೆ ಆ ಗುಂಪಿಗೆಲ್ಲ ದೊಡ್ಡಪ್ಪನೆಂದೇ ಹೆಸರಾಗುವುದು. ಅಕ್ಕತಂಗಿಯರನ್ನು ಒಬ್ಬಳೆಂದು ಬಗೆಯುವುದೂ, ಮೀಸೆ ಬೋಳಿಸಿದ ಮಾವನನ್ನು ಹೊಸಬನೆಂದು ಎಣಿಸುವುದೂ ಉಂಟು. ವಸ್ತುಗಳನ್ನೂ ಇದೇ ರೀತಿ ಗುರುತಿಸುವುದರಿಂದ ಸಮುದ್ರ, ಹಸು, ತೇರು ಎಂದು ಕೇಳಿ ಹುಡುಕಬಹುದು. ಯಂತ್ರದ ಈ ಜಾಣತನ ಕಲಿಸಿದಷ್ಟೇ ಸರಿ. ೨೦೧೫ರಲ್ಲಿ ಗೂಗಲ್ ಫೋಟೋಸ್ ಕಪ್ಪುಜನರ ಚಿತ್ರವೊಂದಕ್ಕೆ ಗೊರಿಲ್ಲವೆಂದು ಹೆಸರಿಟ್ಟುದು ಲೋಕದಲ್ಲೆಲ್ಲ ನಾಚಿಕೆಯ ಸುದ್ದಿಯಾಗಿ, ಸಂಸ್ಥೆಯವರು ಕ್ಷಮೆ ಕೇಳಿ ಆ ಹೆಸರನ್ನೇ ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಆಪಲಿನಲ್ಲಿ ಮುಖ ಹೋಲಿಸುವ ಕೆಲಸ ನಮ್ಮ ಮೊಬೈಲಿನೊಳಗೇ ನಡೆಯುವುದು. ಗೂಗಲಿನಲ್ಲಿ ಮುಖದ ಗುಂಪು ಬೇಡವೆನ್ನುವವರು ಅದನ್ನು ನಿಲ್ಲಿಸಿಬಿಡಬಹುದು.

ಇಷ್ಟು ದೂರ ಭಂಡಾರದ ಹಿರಿಮೆಯನ್ನೇ ಹೇಳಿದೆವು. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಬೆಟ್ಟಗಳು ಜರಿದು ಮನೆಗಳು ಮಣ್ಣುಪಾಲಾದುದನ್ನು ನೆನೆದರೆ, ಮನೆಯ ಚಿತ್ರಗಳ ಒಂದು ಪ್ರತಿ ಮನೆಯ ಹೊರಗಿರುವುದು ಎಷ್ಟು ದೊಡ್ಡ ಭಾಗ್ಯವೆಂಬುದು ತಿಳಿದೀತು. ಆದರೆ ಗೃಹಿಣಿಯರು ಬಹಳವಾಗಿ ಮೋಸಹೋಗುವ ಸ್ಥಳವೊಂದಿದೆ. ಪ್ರತಿ ತೆಗೆದಿಡುವುದು ಬೇರೆ, ಎರಡು ಕಡೆಗಳನ್ನು ಒಂದೇ ಸಮನಾಗಿ ಇಡುವುದು ಬೇರೆ. ಐಕ್ಲೌಡ್ ಮಾಡುವುದು ಎರಡನೆಯದನ್ನು. ಮೊಬೈಲಿನಲ್ಲಿ ಒಂದು ಚಿತ್ರವನ್ನು ಅಳಿಸಿದರೆ ಭಂಡಾರದಲ್ಲಿಯೂ, ಮನೆಯಲ್ಲಿ ಅದೇ ಖಾತೆಗೆ ಸೇರಿದ ಇತರ ಯಂತ್ರಗಳಲ್ಲಿಯೂ ಅದು ಅಳಿಯುವುದು. ಗೂಗಲ್ ಫೋಟೋಸಿನೊಳಗೆ ಹೋಗಿ ಅಳಿಸಿದರೂ ಇದೇ ಗತಿ. "ಮುಗಿಲಿನಲ್ಲಿದೆಯಲ್ಲ, ಇಲ್ಲಿ ಏಕೆ" ಎಂದುಕೊಂಡು ಜಾಗ ಮಾಡಲೆಂದು ಅಳಿಸುವವರು ಎರಡು ಕಡೆಯಲ್ಲಿಯೂ ಕಳೆದುಕೊಳ್ಳುವರು. ಅಳಿಸಿದುದು ಒಡನೆಯೇ ನಾಶವಾಗದೆ ಕಸದ ಬುಟ್ಟಿಯಲ್ಲಿ ಕೆಲವು ದಿನ ಇರುವುದು: ಆಪಲಿನಲ್ಲಿ ಸುಮಾರು ೩೦ ದಿನ, ಗೂಗಲಿನಲ್ಲಿ ಭಂಡಾರಕ್ಕೆ ಸೇರಿದ ಚಿತ್ರವಾದರೆ ೬೦ ದಿನ. ಅಷ್ಟರೊಳಗೆ ಎಚ್ಚರಗೊಂಡವರು ಮರಳಿ ಪಡೆಯಬಹುದು. ಮೊಬೈಲಿನ ಜಾಗವನ್ನು ತೆರವು ಮಾಡಬೇಕೆಂದರೆ ಗೂಗಲಿನ ಆ್ಯಪಿನಲ್ಲಿ ಅದಕ್ಕೆಂದೇ ಬೇರೆ ಗುಂಡಿಯಿದೆ. ಅದು ಭಂಡಾರ ಸೇರಿದ ಚಿತ್ರಗಳನ್ನು ಮಾತ್ರ ಮೊಬೈಲಿನಿಂದ ತೆಗೆಯುವುದು. ಆಪಲಿನವರಾದರೆ ಚಿಕ್ಕ ಪ್ರತಿಯನ್ನು ಕೈಯಲ್ಲಿ ಉಳಿಸಿ ದೊಡ್ಡದನ್ನು ಭಂಡಾರದಲ್ಲಿಡುವ ಏರ್ಪಾಡನ್ನು ಮಾಡಿಕೊಟ್ಟಿದ್ದಾರೆ.

ಎರಡನೆಯ ಮಾತು, ಭಂಡಾರದವರು ವರ್ತಕರು. ೨೦೧೫ರ ಮೇ ತಿಂಗಳಲ್ಲಿ ಗೂಗಲ್ ಫೋಟೋಸ್ ಹೊರಬಂದಾಗ ಅಡಕಗೊಳಿಸಿದ ಚಿತ್ರಗಳಿಗೆ ಮಿತಿಯಿಲ್ಲ, ದುಡ್ಡಿಲ್ಲ ಎಂದಿದ್ದರು. ೨೦೨೧ರ ಜೂನ್ ೧ರಿಂದ ಆ ಮಾತು ನಿಂತುಹೋಗಿ, ಹೊಸ ಚಿತ್ರಗಳೆಲ್ಲ ಪತ್ರಗಳೂ ಕಡತಗಳೂ ಸೇರಿದ ೧೫ ಜಿಬಿಯ ಲೆಕ್ಕಕ್ಕೆ ಬಂದವು. ಒಂದು ಚಿತ್ರಕ್ಕೆ ೩ ಎಂಬಿ ಎಂದು ಹಿಡಿದರೆ ಅದು ಹೆಚ್ಚೆಂದರೆ ೫,೦೦೦ ಚಿತ್ರಗಳ ಜಾಗ; ಆಪಲಿನವರು ಬಿಟ್ಟಿಯಾಗಿ ಕೊಡುವುದು ೫ ಜಿಬಿ ಮಾತ್ರ. ಫ್ಲಿಕರ್ ಸಂಸ್ಥೆಯು ೨೦೧೩ರಲ್ಲಿ ಒಂದು ಟೆರಾಬೈಟ್ ಜಾಗವನ್ನು ಪುಕ್ಕಟೆಯಾಗಿ ಕೊಟ್ಟು, ೨೦೧೮ರಲ್ಲಿ ಒಡೆಯರು ಬದಲಾದ ಮೇಲೆ ಸಾವಿರ ಚಿತ್ರಗಳಿಗೆ ಮಿತಿ ಹಾಕಿತು. ಮೈಸ್ಪೇಸ್ ಎಂಬವರ ಸ್ಥಿತಿ ಇನ್ನೂ ಕೆಟ್ಟದು: ಯಂತ್ರದಿಂದ ಯಂತ್ರಕ್ಕೆ ಸಾಗಿಸುವಾಗ ಜನರ ಹಳೆಯ ಹಾಡುಗಳೂ ಚಿತ್ರಗಳೂ ಅಳಿದುಹೋದುವೆಂದು ೨೦೧೯ರಲ್ಲಿ ಒಪ್ಪಿಕೊಂಡರು. ಸರಕಾರಗಳೂ ಇದಕ್ಕೆ ಹೊರತಲ್ಲ. ೨೦೨೫ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯದ ಡೇಜಾನ್ ನಗರದ ಸರಕಾರಿ ಕೋಠಿಗೆ ಬೆಂಕಿ ಬಿದ್ದು ನೌಕರರ ೮೫೮ ಟೆರಾಬೈಟ್ ಕಡತಗಳು ಸುಟ್ಟುಹೋದವು. ಅಷ್ಟು ದೊಡ್ಡದಕ್ಕೆ ಎರಡನೆಯ ಪ್ರತಿ ಇಡಲಾಗದೆಂದು ಅವರು ಇಟ್ಟೇ ಇರಲಿಲ್ಲ.

ಮೂರನೆಯದಾಗಿ ಬೀಗದ ಕೈಯ ವಿಚಾರ. ಎಷ್ಟೋ ಮನೆಗಳಲ್ಲಿ ಇಡೀ ಸಂಸಾರದ ಚಿತ್ರಗಳು ಯಜಮಾನರೊಬ್ಬರ ಖಾತೆಯಲ್ಲಿರುತ್ತವೆ. ಪಾಸ್‌ವರ್ಡು ಅವರ ನೆನಪಿನಲ್ಲಿ, ಓಟಿಪಿ ಅವರ ನಂಬರಿಗೆ. ಅವರು ಅಕಸ್ಮಾತ್ತಾಗಿ ತೀರಿಕೊಂಡರೆ, ಸಿಮ್ಮಿಗೆ ಹಣ ಹಾಕದೆ ನಂಬರು ಬೇರೆಯವರ ಪಾಲಾದರೆ, ಹೆಂಡತಿಗೆ ತನ್ನ ಮಕ್ಕಳ ಬಾಲ್ಯವೇ ಕಾಣದಂತಾಗುವುದು. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದೆಂಬ ನಿಯಮವು ೨೦೨೩ರ ಡಿಸೆಂಬರಿನಿಂದ ನಡೆದುಬಂದಿದೆ. ಇದಕ್ಕೆ ಉಪಾಯವಿಲ್ಲದಿಲ್ಲ. ಖಾತೆ ೩, ೬, ೧೨ ಅಥವಾ ೧೮ ತಿಂಗಳು ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ಮೊದಲೇ ಬರೆದಿಡುವ ಅನುಕೂಲವನ್ನು ಗೂಗಲ್ ೨೦೧೩ರಿಂದಲೂ ಕೊಟ್ಟಿದೆ. ಆಪಲ್ ೨೦೨೧ರಿಂದ ವಾರಸುದಾರರನ್ನು ಹೆಸರಿಸಲು ಬಿಟ್ಟಿದೆ. ಆ ವಾರಸುದಾರರು ತಮಗೆ ಕೊಟ್ಟ ಕೀಲಿಸಂಖ್ಯೆಯನ್ನೂ ಮರಣಪತ್ರವನ್ನೂ ಒಪ್ಪಿಸಬೇಕು. ಹತ್ತು ನಿಮಿಷದ ಕೆಲಸ. ಆಸ್ತಿಗೆ ಉಯಿಲು ಬರೆಯುವ ಯಜಮಾನರು ಇದನ್ನು ಏಕೆ ಮಾಡುವುದಿಲ್ಲವೋ ನಮಗೆ ಅರ್ಥವಾಗದು.

ಬಾಗಿಲು ಇನ್ನೊಂದು ರೀತಿಯಿಂದಲೂ ಮುಚ್ಚಬಹುದು. ೨೦೨೧ರಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿ ತಂದೆಯೊಬ್ಬನು ಕಾಯಿಲೆ ಬಿದ್ದ ಮಗುವಿನ ಚಿತ್ರವನ್ನು ವೈದ್ಯರಿಗೆ ತೋರಿಸಲೆಂದು ತೆಗೆದನು. ಅದು ತಾನಾಗಿ ಭಂಡಾರಕ್ಕೆ ಹೋಯಿತು. ಅಲ್ಲಿಯ ಯಂತ್ರವು ಅದನ್ನು ಅಶ್ಲೀಲವೆಂದು ಎಣಿಸಿ ಖಾತೆಗೆ ಬೀಗ ಹಾಕಿತು. ಪೊಲೀಸರು ವಿಚಾರಿಸಿ ತಪ್ಪಿಲ್ಲವೆಂದರೂ ಖಾತೆ ತೆರೆಯಲಿಲ್ಲವೆಂದು ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿತು. ಅಂತಹ ಚಿತ್ರಗಳನ್ನು ತೆಗೆಯುವಾಗ ಬ್ಯಾಕಪ್ಪನ್ನು ನಿಲ್ಲಿಸಿರುವುದು ತಾಯಂದಿರಿಗೆ ಕ್ಷೇಮ.

ಆದುದರಿಂದ ಭಂಡಾರವನ್ನು ಬಿಡಬೇಕಾಗಿಲ್ಲ, ಅದೊಂದನ್ನೇ ನೆಚ್ಚಲೂ ಆಗದು. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆಡೆ ಎಂಬ ಲೆಕ್ಕವನ್ನು ಛಾಯಾಗ್ರಾಹಕ ಪೀಟರ್ ಕ್ರೋ ಎಂಬವರು ಪ್ರಚಾರಕ್ಕೆ ತಂದರು. ಮನೆಗಳಲ್ಲಿ ಇದು ಕಷ್ಟವೇನಲ್ಲ. ಒಂದು ಹಾರ್ಡ್ ಡಿಸ್ಕನ್ನು ಕೊಂಡು, ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಸಾರಿಸುವ ಸಮಯದಲ್ಲಾದರೂ, ಎಲ್ಲವನ್ನೂ ಅದಕ್ಕೆ ಇಳಿಸಿಕೊಳ್ಳಬೇಕು. ಗೂಗಲಿನ ಟೇಕ್‌ಔಟ್ ಎಂಬಲ್ಲಿ ಕೇಳಿದರೆ ಚಿತ್ರಗಳನ್ನೆಲ್ಲ ಗಂಟುಗಳಾಗಿ ಕಟ್ಟಿಕೊಡುವರು. ನಾವು ಕೈಯಿಂದ ತಿದ್ದಿದ ದಿನಾಂಕಗಳು ಬೇರೆಯ ಚೀಟಿಗಳಲ್ಲಿ ಬರುವುದರಿಂದ ಆ ಚೀಟಿಗಳನ್ನು ಎಸೆಯಕೂಡದು. ಡಿಸ್ಕು ಸಹ ಕೆಡುವ ವಸ್ತು, ಆಗಾಗ ಹಚ್ಚಿ ನೋಡುತ್ತಿರಬೇಕು. ಅಣ್ಣ ಬೆಂಗಳೂರಿನಲ್ಲಿ, ತಮ್ಮ ಶಿರಸಿಯಲ್ಲಿ ಇದ್ದರೆ ಒಬ್ಬರ ಡಿಸ್ಕನ್ನು ಇನ್ನೊಬ್ಬರು ಇಟ್ಟುಕೊಂಡರೆ ಆಯಿತು.

ಹಳೆಯ ಕಾಗದದ ಚಿತ್ರಗಳಿರುವ ಮನೆಯವರಿಗೆ ಇನ್ನೊಂದು ಕೆಲಸವಿದೆ. ಅವುಗಳಲ್ಲಿರುವವರನ್ನು ಯಾವ ಯಂತ್ರವೂ ಹೆಸರಿಸಲಾರದು. ಅಜ್ಜಿಯ ಪಕ್ಕದಲ್ಲಿ ನಿಂತ ಪೇಟದ ಮುದುಕರು ಯಾರು, ಅವರ ಮಡಿಲಲ್ಲಿದ್ದ ಹುಡುಗಿ ಯಾವ ಊರಿಗೆ ಸೊಸೆಯಾಗಿ ಹೋದಳು ಎಂಬುದು ಅಜ್ಜಿಗೆ ಮಾತ್ರ ಗೊತ್ತು. ಒಂದು ಭಾನುವಾರ ಮಧ್ಯಾಹ್ನ ಟ್ರಂಕನ್ನು ತೆಗೆದು, ಅಜ್ಜಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಅವರು ಹೇಳಿದಂತೆ ಚಿತ್ರದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಸೀಸದ ಕಡ್ಡಿಯಿಂದ ಹೆಸರು ಬರೆಯಬೇಕು. ಶಾಯಿ ಇಂಗಿ ಮುಖದ ಕಡೆಗೆ ಮೂಡೀತು. ಆ ಮೇಲೆ ಮುಂಬದಿಯ ಜತೆಯಲ್ಲಿ ಹಿಂಬದಿಯನ್ನೂ ಮೊಬೈಲಿನಿಂದ ತೆಗೆದು ಭಂಡಾರಕ್ಕೆ ಕಳುಹಿಸಬಹುದು.